ಧಾರವಾಡದ ಕಲ್ಲೂ ಜಮಖಂಡಿಯ ಗ್ರಹಣವೂ

ಹುಬ್ಬಳ್ಳಿ ಧಾರವಾಡಗಳ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳು ರಜೆಗೆ ಹಳ್ಳಿಗೆ ಬಂದು, ಲೋಕವು ಆರು ಸಾವಿರ ವರ್ಷದ್ದಲ್ಲ, ಕೋಟ್ಯಂತರ ವರ್ಷದ್ದೆಂದು ಹೇಳುವಾಗ ಕೆಲವು ಮನೆಗಳಲ್ಲಿ ಕಲಹವೇಳುತ್ತದೆ. ಮಗನು ಶಾಸ್ತ್ರ ಕಲಿತು ವಿಶ್ವಾಸ ಬಿಟ್ಟನೆಂದು ತಾಯಿ ಅಳುತ್ತಾಳೆ. ತಾಯಿಯ ದೇವರು ಪಾಠಶಾಲೆಯ ಬಾಗಿಲನ್ನು ದಾಟಲಾರನೆಂದು ಮಗನು ಎಣಿಸುತ್ತಾನೆ. ಇಬ್ಬರೂ ಹೀಗೆ ಅಗಲಬೇಕಾದ ಕಾರಣವು ನಮಗೆ ಕಾಣುವದಿಲ್ಲ.

ಯಾಕಂದರೆ ಆ ಆರು ಸಾವಿರವೆಂಬ ಲೆಕ್ಕವು ಸತ್ಯವೇದದ ಯಾವ ವಚನದಲ್ಲಿಯೂ ಇಲ್ಲ. ೧೬೫೦ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರನು ವಂಶಾವಳಿಗಳನ್ನೂ ಅರಸರ ಕಾಲಗಳನ್ನೂ ಕೂಡಿಸಿ, ಸೃಷ್ಟಿಯು ಕ್ರಿಸ್ತಪೂರ್ವ ೪೦೦೪ರಲ್ಲಿ ಆಯಿತೆಂದು ಬರೆದನು. ಮುಂದೆ ಅದನ್ನು ಇಂಗ್ಲಿಷ್ ಬೈಬಲ್ಲುಗಳ ಅಂಚಿನಲ್ಲಿ ಅಚ್ಚುಹಾಕಿದರು. ಅಂಚಿನಲ್ಲಿದ್ದದ್ದನ್ನು ಜನರು ವಚನವೆಂದೇ ಓದಿದರು.

ಈಗ ನಮ್ಮ ಕಾಲ ಕೆಳಗಿನ ಕಲ್ಲನ್ನು ಕೇಳೋಣ. ೧೮೮೦ರ ದಶಕದಲ್ಲಿ ಸರಕಾರದ ಭೂಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟರು ಈ ಸೀಮೆಯ ಶಿಲೆಗಳನ್ನು ಶೋಧಿಸಿ, ಅವುಗಳ ಶ್ರೇಣಿಗೆ ಧಾರವಾಡದ ಹೆಸರನ್ನೇ ಇಟ್ಟರು. ಇಂದಿಗೂ ಭೂಶಾಸ್ತ್ರದ ಗ್ರಂಥಗಳಲ್ಲಿ ಆ ಹೆಸರು ನಿಂತಿದೆ. ಕಲ್ಲಿನೊಳಗೆ ಸಾಸಿವೆಗಿಂತ ಸಣ್ಣವಾದ ಜಿರ್ಕಾನ್ ಹರಳುಗಳುಂಟು. ಅವುಗಳಲ್ಲಿ ಅಡಗಿರುವ ಯುರೇನಿಯಮ್ ಲೋಹವು ತಪ್ಪದ ಕ್ರಮದಿಂದ ಸೀಸವಾಗುತ್ತಾ ಬರುತ್ತದೆ. ಅದರಲ್ಲಿ ಅರ್ಧವು ಮಾರ್ಪಡುವದಕ್ಕೆ ಸುಮಾರು ೪೪೭ ಕೋಟಿ ವರ್ಷ ಬೇಕು. ಎಷ್ಟು ಸೀಸವಾಯಿತು, ಎಷ್ಟು ಉಳಿಯಿತು ಎಂದು ಅಳೆದವರು, ಧಾರವಾಡದ ಶಿಲೆಗಳು ೨೫೦ ಕೋಟಿ ವರ್ಷಗಳಿಗಿಂತಲೂ ಹಳೆಯವೆಂದು ಕಂಡರು. ಭೂಮಿಗೆ ಸುಮಾರು ೪೫೪ ಕೋಟಿ, ವಿಶ್ವಕ್ಕೆ ಸುಮಾರು ೧೩೮೦ ಕೋಟಿ ವರ್ಷಗಳಾದವು. ಅಂಚಿನ ಲೆಕ್ಕವು ಬಿಷಪನದು, ಕಲ್ಲು ದೇವರ ಕೈಕೆಲಸವು. ಎರಡೂ ಹೊಂದದಿದ್ದರೆ ನಾವು ಕಲ್ಲನ್ನೇ ನಂಬುವೆವು.

ಆಕಾಶದ ಜ್ಯೋತಿಗಳು ಯಾವದರಿಂದ ಆದವು? ಇದಕ್ಕೂ ದೂರ ಹೋಗಬೇಕಾಗಿಲ್ಲ. ೧೮೬೮ನೇ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣದಲ್ಲಿ ಲೆಫ್ಟೆನೆಂಟ್ ಜಾನ್ ಹರ್ಷೆಲರು ನಮ್ಮ ಜಮಖಂಡಿಯಲ್ಲಿ ಯಂತ್ರವಿಟ್ಟು ಕಾದಿದ್ದರು. ಗ್ರಹಣವೆಂದರೆ ಬಾಗಿಲು ಮುಚ್ಚಿಕೊಳ್ಳುವ ಜನರು ಈಗಲೂ ಇದ್ದಾರೆ. ಅವರಾದರೋ ಮೋಡಗಳ ಸಂದಿನಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಗಾಜಿನ ಪಟ್ಟಕದಿಂದ ಬಿಡಿಸಿ, ಹೊಳೆಯುವ ಗೆರೆಗಳನ್ನು ಕಂಡರು. ಅವುಗಳಲ್ಲಿ ಕೆಂಪು ಗೆರೆಯು ಜಲಜನಕದ್ದು. ಕಿತ್ತಳೆ ಹಳದಿಯ ಗೆರೆಯನ್ನು ಮೊದಲು ಉಪ್ಪಿನಲ್ಲಿರುವ ಸೋಡಿಯಮ್ಮಿನದೆಂದು ಎಣಿಸಿದರು; ಆದಾಗ್ಯೂ ಅದು ಅದಲ್ಲ. ಭೂಮಿಯಲ್ಲಿ ಯಾರೂ ಅರಿಯದ ಆ ವಸ್ತುವಿಗೆ ಸೂರ್ಯನ ಗ್ರೀಕ್ ನಾಮದಿಂದ ಹೀಲಿಯಮ್ ಎಂಬ ಹೆಸರಾಯಿತು. ೧೮೯೫ರಲ್ಲಿ ವಿಲಿಯಮ್ ರಾಮ್ಸೆಯವರು ಅದನ್ನು ಯುರೇನಿಯಮ್ಮಿನ ಅದಿರುಗಲ್ಲಿನಲ್ಲಿಯೇ ಕಂಡುಹಿಡಿದರು. ಸೂರ್ಯನದೂ ಕಲ್ಲಿನದೂ ಒಂದೇ ಹುರುಳು!

ಕಾಣುವ ಪದಾರ್ಥವೆಲ್ಲ ಕೂಡಿದರೂ ವಿಶ್ವದ ನೂರು ಪಾಲಿನಲ್ಲಿ ಸುಮಾರು ಐದು ಪಾಲು ಮಾತ್ರ. ಮಿಕ್ಕದ್ದರ ಸ್ವರೂಪವನ್ನು ಪಂಡಿತರು ಇನ್ನೂ ಹುಡುಕುತ್ತಿದ್ದಾರೆ. ಇಷ್ಟು ವಿಸ್ತಾರದಲ್ಲಿ ಮನುಷ್ಯನು ಎಷ್ಟರವನೆಂದು ಮಗನು ಕೇಳಿದರೆ, ತಾಯಿಯು ಅವನನ್ನು ಗದರಿಸಬಾರದು. ಎಂಟನೆಯ ಕೀರ್ತನೆಯನ್ನು ತೆಗೆದು ಓದಿಸಲಿ. ಅದನ್ನು ಹಾಡಿದವನೂ ಚಂದ್ರ ನಕ್ಷತ್ರಗಳನ್ನು ನೋಡಿ ಅದನ್ನೇ ಕೇಳಿದನು.

ನವೆಂಬರ್ ತಿಂಗಳ ಅಮಾವಾಸ್ಯೆಯಂದು ರಾತ್ರಿ ಒಂಬತ್ತಕ್ಕೆ ದೀಪಗಳಿಲ್ಲದ ಹೊಲದಲ್ಲಿ ಉತ್ತರಾಭಿಮುಖವಾಗಿ ನಿಂತು ತಲೆಯೆತ್ತಿರಿ. ನೆತ್ತಿಗಿಂತ ತುಸು ಕೆಳಗೆ ಮಂಜಿನ ತುಣುಕಿನಂತೆ ಕಾಣುವದು ಆಂಡ್ರೊಮಿಡಾ ಎಂಬ ನಕ್ಷತ್ರಸಮೂಹವು. ಸೂರ್ಯನ ಬೆಳಕು ಎಂಟು ನಿಮಿಷಗಳಲ್ಲಿ ನಮ್ಮನ್ನು ಮುಟ್ಟುತ್ತದೆ. ಅದರ ಬೆಳಕಾದರೋ ಸುಮಾರು ೨೫ ಲಕ್ಷ ವರ್ಷಗಳ ಹಿಂದೆ ಹೊರಟು, ಆ ರಾತ್ರಿ ನಿಮ್ಮ ಕಣ್ಣಿಗೆ ಬಂದು ಸೇರುವದು.