ಎರವಲು ನಾಲಗೆ

ಸರ್ಕಾರದ ಅಧಿಕಾರಿಯೆದುರು ತನ್ನ ಸಂಕಟವನ್ನು ನಿವೇದಿಸಬೇಕಾದವನು, ಆ ಸಂಕಟವನ್ನು ಎಂದೂ ಉಣ್ಣದ ಮತ್ತೊಬ್ಬನಿಗೆ ಫೀಜು ತೆತ್ತು, ವಕಾಲತ್ತಿಗೆ ಸಹಿಮಾಡಿ, ಅವನ ಬಾಯಿಂದ ಅದನ್ನು ಹೇಳಿಸುವುದು ಸತ್ಯಕ್ಕೆ ಸಮ್ಮತವೇ ಎಂಬ ಪ್ರಶ್ನೆ, ಮೇಲ್ನೋಟಕ್ಕೆ ಕಚೇರಿಯ ವ್ಯವಹಾರದ್ದಾಗಿ ತೋರಿದರೂ, ಬುಡದಲ್ಲಿ ಧರ್ಮಜಿಜ್ಞಾಸೆಯೇ. ದೇವರ ಮುಂದೆ ಪುರೋಹಿತರಿಂದ ಸಂಕಲ್ಪ ಹೇಳಿಸುವ ನಾವು ವಕೀಲನನ್ನು ಕಂಡು ಮಾತ್ರ ಹುಬ್ಬು ಗಂಟಿಕ್ಕುವುದು ವಿನೋದವಾಗಿದೆ.

ಸ್ವತಃ ಬ್ಯಾರಿಸ್ಟರರಾಗಿದ್ದೂ 1909ರ ‘ಹಿಂದ್ ಸ್ವರಾಜ್’ನಲ್ಲಿ ಆ ವೃತ್ತಿಯನ್ನು ಕಟುವಾಗಿ ಖಂಡಿಸಿದ ಗಾಂಧೀಜಿಯವರು, 1922ರ ಮಾರ್ಚ್ 18ರಂದು ಅಹಮದಾಬಾದಿನ ಶಾಹೀಬಾಗಿನಲ್ಲಿ ನ್ಯಾಯಾಧೀಶ ಬ್ರೂಮ್‌ಫೀಲ್ಡರ ಮುಂದೆ ವಕೀಲರಿಲ್ಲದೆ ನಿಂತು, ರಾಜದ್ರೋಹದ ಆರೋಪವನ್ನೊಪ್ಪಿ, ಅತ್ಯಂತ ಕಠಿನ ಶಿಕ್ಷೆಯನ್ನೇ ಬೇಡಿ, 6 ವರ್ಷಗಳ ಸೆರೆವಾಸವನ್ನು ಪಡೆದರು. ಬಿಡುಗಡೆಯನ್ನೇ ಬಯಸದವನಿಗೆ ವಕೀಲನೇತಕ್ಕೆ?

ಆದರೆ ಹೊಲವನ್ನು ಉಳಿಸಿಕೊಳ್ಳಬೇಕಾದವನ ಪಾಡೇ ಬೇರೆ. ಪಹಣಿಯಲ್ಲಿ ಹೆಸರು ತಪ್ಪಿದ ವಡೋದರೆಯ ರೈತನು ಇಂದಿಗೂ ಮಾಮಲತದಾರ, ಪ್ರಾಂತಾಧಿಕಾರಿ, ಕಲೆಕ್ಟರ್ ಎಂದು ಮೇಲ್ಮನವಿಯ ಮೆಟ್ಟಿಲುಗಳನ್ನು ಹತ್ತಬೇಕು. ಅವನಿಗೆ ನೆಲ ಗೊತ್ತು, ಕಲಮು ಗೊತ್ತಿಲ್ಲ.

ಸೂರತ್ ಜಿಲ್ಲೆಯ ಬಾರ್ಡೋಲಿಯಲ್ಲಿ ಕಂದಾಯವನ್ನು ನೂರಕ್ಕೆ 22ರಂತೆ ಏರಿಸಿದಾಗ, ಅಹಮದಾಬಾದಿನ ವಕೀಲಿಯನ್ನು ತೊರೆದಿದ್ದ ವಲ್ಲಭಭಾಯಿ ಪಟೇಲರ ನೇತೃತ್ವದಲ್ಲಿ 1928ರ ಸತ್ಯಾಗ್ರಹವು ನಡೆದು, ಕಡೆಗೆ ಸರ್ಕಾರವು ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್ ಎಂಬಿಬ್ಬರು ಅಧಿಕಾರಿಗಳ ವಿಚಾರಣೆಗೆ ಒಪ್ಪಿತು. ಸತ್ಯಾಗ್ರಹಿಗಳು ಅಲ್ಲಿ ವಕೀಲರನ್ನು ಬೇಡವೆನ್ನಲಿಲ್ಲ. ಮುಂಬಯಿ ಹೈಕೋರ್ಟಿನ ಪ್ರಸಿದ್ಧ ವಕೀಲರಾದ ಭೂಲಾಭಾಯಿ ದೇಸಾಯಿಯವರು ರೈತರ ಪರವಾಗಿ ಕಾನೂನಿನ ವಾದವನ್ನು ಮಂಡಿಸಿದರು. ಏರಿಕೆಗೆ ಆಧಾರವೆನಿಸಿದ್ದು ಗೇಣಿಯ ಅಂಕಿಗಳು. ಸಾಲಕ್ಕೆ ಅಡವಿಟ್ಟ ತನ್ನ ಹೊಲವನ್ನೇ ಮರಳಿ ಗೇಣಿಗೆ ಹಿಡಿದವನು ಗೇಣಿಯ ಹೆಸರಿನಲ್ಲಿ ತೆರುವುದು ವಾಸ್ತವವಾಗಿ ಬಡ್ಡಿ. ಕಡತವೋ ಅದನ್ನು ಭೂಮಿಯ ಹುಟ್ಟುವಳಿಯೆಂದು ಎಣಿಸುತ್ತದೆ. ಇಲ್ಲಿ ಸುಳ್ಳು ಹೇಳಿದವರು ಯಾರು? ರೈತನಲ್ಲ, ಕಾಗದ. ಕಾಗದದ ಸುಳ್ಳನ್ನು ಕಾಗದದ ಭಾಷೆಯಲ್ಲಿಯೇ ಹಿಡಿಯಬೇಕಾಗಿದ್ದಿತು. ಅನಂತರ ವಿಚಾರಣೆಯು ಹಳ್ಳಿಯಿಂದ ಹಳ್ಳಿಗೆ ಸಾಗಿದಾಗ, ಗಾಂಧೀಜಿಯವರ ಸಹಚರರಾದ ಮಹಾದೇವ ದೇಸಾಯಿ, ನರಹರಿ ಪರೀಖರಂಥವರು ಲೆಕ್ಕಪತ್ರಗಳೊಡನೆ ಪಕ್ಕದಲ್ಲಿರಲು, ತಮ್ಮ ಹೊಲದ ಮಾತನ್ನು ರೈತರು ತಾವೇ ಆಡಿದರು. ನಿಯಮಕ್ಕೆ ಎರವಲು ನಾಲಗೆ, ಅನುಭವಕ್ಕೆ ಸ್ವಂತದ್ದು: ಈ ವಿಭಾಗವು ನನಗೆ ಶಾಸ್ತ್ರೋಕ್ತವಾಗಿಯೇ ಕಾಣುತ್ತದೆ.

ಗೇಣಿಯ ಆ ಅಂಕಿಗಳು ನಂಬತಕ್ಕವಲ್ಲವೆಂದು ಕಂಡು, ಏರಿಕೆಯನ್ನು ನೂರಕ್ಕೆ ಸುಮಾರು 6ಕ್ಕೆ ಇಳಿಸಿದ 1929ರ ವರದಿಗೆ ಸಹಿಹಾಕಿದ ಇಬ್ಬರಲ್ಲಿ ಒಬ್ಬರು, ಶಾಹೀಬಾಗಿನಲ್ಲಿ ವಕೀಲರಿಲ್ಲದ ಆರೋಪಿಗೆ ತಲೆಬಾಗಿ ಶಿಕ್ಷೆ ವಿಧಿಸಿದ್ದ ಅದೇ ಬ್ರೂಮ್‌ಫೀಲ್ಡರು.