ಅಳತೆಗೆ ಒಳಗಾಗುವ ದೇವರು

ಕಾರವಾರದ ಬಳಿಯ ನಮ್ಮ ಮಾಜಾಳಿಯ ಮನೆಗಳಲ್ಲಿ ಚವತಿಗೆ ಕೂರುವ ಮಣ್ಣಿನ ಗಣಪತಿಗೆ ತಲೆ ದೊಡ್ಡದು, ಕಾಲು ಗಿಡ್ಡ, ಹೊಟ್ಟೆ ಮುಂದೆ. ಇದೇ ಅಳತೆಯಲ್ಲಿ ವಿಷ್ಣುವನ್ನು ಮಾಡಿಟ್ಟರೆ ಕಣ್ಣು ಒಪ್ಪುವುದಿಲ್ಲ. ಸೊಗಸೆಲ್ಲ ಯಾವುದೋ ಒಂದು ಸಂಖ್ಯೆಯಲ್ಲಿದೆ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ಜರ್ಮನಿಯ ಗುಸ್ಟಾವ್ ಫೆಕ್ನರ್ ಹತ್ತು ಆಯತಗಳನ್ನು ಜನರ ಮುಂದಿಟ್ಟು ಆರಿಸಲು ಹೇಳಿದಾಗ ಸುಮಾರು ಶೇ. 35ರಷ್ಟು ಮಂದಿ ಸುವರ್ಣ ಅನುಪಾತದ ಆಯತವನ್ನು ಮೆಚ್ಚಿದರೆಂದು ಅವನ 1876ರ ಗ್ರಂಥ ಹೇಳುತ್ತದೆ. ಮುಂದಿನವರ ಪ್ರಯೋಗಗಳಲ್ಲಿ ಆ ಫಲಿತಾಂಶ ಗಟ್ಟಿಯಾಗಿ ನಿಲ್ಲಲಿಲ್ಲ. ನಿಂತಿದ್ದರೂ ಪ್ರಶ್ನೆ ಹಾಗೇ ಉಳಿಯುತ್ತಿತ್ತು. ಖಾಲಿ ಆಯತ ಯಾರ ರೂಪವೂ ಅಲ್ಲ, ಮೂರ್ತಿಯಾದರೋ ಒಬ್ಬರದ್ದು. ನಮ್ಮ ಶಿಲ್ಪಶಾಸ್ತ್ರದ ತಾಳಮಾನ ಹುಟ್ಟಿದ್ದೇ ಈ ತಿಳಿವಿನಿಂದ ಎಂದು ನನಗನಿಸುತ್ತದೆ. ಮುಖದ ಉದ್ದವೇ ಒಂದು ತಾಳ, ತಾಳಕ್ಕೆ 12 ಅಂಗುಲ. ವಿಷ್ಣುವಿಗೆ ಉತ್ತಮ ದಶತಾಳ, ಅಂದರೆ ಹತ್ತು ತಾಳದ ಮೇಲೆ ನಾಲ್ಕು ಅಂಗುಲ ಸೇರಿ 124 ಅಂಗುಲ, ಗಣಪತಿಗೆ ಪಂಚತಾಳ. ಈ ಅಂಗುಲ ಹೊರಗಿನ ಅಳತೆಗೋಲಿನದಲ್ಲ, ಮೂರ್ತಿಯ ಎತ್ತರವನ್ನೇ ಭಾಗಿಸಿ ಪಡೆದ ದೇಹಲಬ್ಧಾಂಗುಲ. ಗೇಣುದ್ದದ ಮಣ್ಣಿನ ಗಣಪನಿಗೂ ಆಳೆತ್ತರದ ಕಲ್ಲಿನ ಗಣಪನಿಗೂ ಅವರವರ ಮೈಯೇ ಮಾನದಂಡ. ಹಾಗಾಗಿ ಕಣ್ಣು ಮೆಚ್ಚುವುದು ಅನುಪಾತವೊಂದನ್ನಲ್ಲ, ಇವನಿಗೆ ಇದು ತಕ್ಕದ್ದು ಎಂಬ ಹೊಂದಿಕೆಯನ್ನು.

ಇದೆಲ್ಲ ಬರೀ ರೂಢಿ, ಕಂಡದ್ದೇ ಚೆಂದ ಎಂದು ವಾದಿಸಬಹುದು. ವಾದಕ್ಕೆ ಬಲವೂ ಇದೆ. ಅಮೆರಿಕದ ಜೇಮ್ಸ್ ಕಟಿಂಗ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಪರಿಚಿತವಲ್ಲದ ವರ್ಣಚಿತ್ರಗಳನ್ನು ತರಗತಿಯಲ್ಲಿ ಮತ್ತೆ ಮತ್ತೆ ಕಂಡ ವಿದ್ಯಾರ್ಥಿಗಳ ಒಲವು ಅವುಗಳತ್ತ ಸರಿದಿತ್ತು. ರೂಢಿ ಕಣ್ಣನ್ನು ಕಲಿಸುತ್ತದೆ, ಒಪ್ಪಿದೆ. ಆದರೆ ಕಲಿಸಿದ್ದು ಏನನ್ನು? ಕೂತ, ನಾಲ್ಕು ಕೈಯ ಗಣಪತಿಯನ್ನೇ ನೋಡಿ ಬೆಳೆದವರು ಇಡಗುಂಜಿಯಲ್ಲಿ ಎರಡೇ ಕೈಯ, ನಿಂತ ಗಣಪತಿಯೆದುರು ಅನುಮಾನವಿಲ್ಲದೆ ಕೈಮುಗಿಯುತ್ತಾರೆ. ಭಂಗಿ ಬೇರೆ, ಕೈಗಳ ಲೆಕ್ಕ ಬೇರೆ. ತಲೆಗೂ ಮೈಗೂ ಇರುವ ನಂಟು ಮಾತ್ರ ಅದೇ. ರೂಢಿ ಕಲಿಸಿದ್ದು ಆ ನಂಟನ್ನೇ ಹೊರತು ಒಂದು ಚಿತ್ರವನ್ನಲ್ಲ.

ಇದಕ್ಕಿಂತ ಕಠಿಣವಾದ ಆಕ್ಷೇಪ ಭಕ್ತನದು: ಅಳತೆಗೆ ಸಿಗದವನಿಗೆ ಅಳತೆಯೇಕೆ? ಗೋಕರ್ಣದ ಆತ್ಮಲಿಂಗ ಬಹುಪಾಲು ಪೀಠದೊಳಗೇ ಇದೆ. ಬೆರಳಿಗೆ ಅದರ ತುದಿ ತಾಗಿದರೆ ಸಾಕು, ಜನ ಧನ್ಯರಾಗುತ್ತಾರೆ. ನಿಜ. ಅಲ್ಲಿ ಅಂಗಗಳಿಲ್ಲ, ಅಂಗಗಳ ತಾಳಮೇಳದ ಮಾತೂ ಇಲ್ಲ. ಆದರೆ ರೂಪವನ್ನು ಒಪ್ಪಿಕೊಂಡ ಮೇಲೆ ಅಳತೆಯನ್ನು ಬಿಡಲಾಗದು. 1880ರ ದಶಕದ ಆರಂಭದಲ್ಲಿ ಕಾರವಾರದಲ್ಲಿದ್ದ ರವೀಂದ್ರನಾಥ ಠಾಕೂರರು ಇಲ್ಲೇ ಬರೆದ ‘ಪ್ರಕೃತಿರ್ ಪ್ರತಿಶೋಧ’ ನಾಟಕದಲ್ಲಿ, ಎಲ್ಲ ಮಿತಿಗಳನ್ನೂ ಹರಿದುಕೊಂಡ ಸನ್ಯಾಸಿಯನ್ನು ಪುಟ್ಟ ಹುಡುಗಿಯೊಬ್ಬಳ ಅಕ್ಕರೆ ಮರಳಿ ಲೋಕಕ್ಕೆ ಎಳೆಯುತ್ತದೆ. ಅಪಾರವಾದದ್ದು ಅವನಿಗೆ ಸಿಗುವುದು ಮಿತಿಯ ಒಳಗೇ. ಶಿಲ್ಪಿಯ ಕೆಲಸವೂ ಇದೇ ದಾರಿಯದು ಎಂದು ನಾನು ನಂಬುತ್ತೇನೆ. ಅವನು ದೇವರನ್ನು ಅಳೆಯುತ್ತಿಲ್ಲ. ಮುಖದ ಉದ್ದವನ್ನು ಗುರುತು ಹಾಕಿಕೊಂಡು, ಆ ಮುಖಕ್ಕೆ ಮಂಡಿ ಎಲ್ಲಿ ಬರಬೇಕೆಂದು ಕಲ್ಲಿನ ಮೇಲೆ ಹುಡುಕುತ್ತಿದ್ದಾನೆ.