ಕೇಳುವವನ ಹೊಣೆ

ನಮ್ಮ ನುಡಿಯಲ್ಲಿ ‘ಕೇಳು’ ಎಂಬ ಧಾತುವಿಗೆ ಎರಡು ಕೆಲಸ. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ. ಹಾಡು ಕೇಳುತ್ತೇವೆ, ದರ ಕೇಳುತ್ತೇವೆ. ವ್ಯಾಕರಣದ ತಾಸಿನಲ್ಲಿ ಇದನ್ನು ಮಕ್ಕಳಿಗೆ ಎಷ್ಟೋ ಸಲ ತೋರಿಸಿಕೊಟ್ಟಿದ್ದೇವೆ. ಆದರೆ ಈ ಎರಡು ಅರ್ಥಗಳು ಒಂದೇ ಮಾತಿನೊಳಗೆ ಏಕೆ ಕೂಡಿ ಬಾಳುತ್ತಿವೆ ಎಂಬ ವಿಚಾರ ನಮ್ಮ ತಲೆಗೆ ಬಂದದ್ದು ವ್ಯಾಕರಣದಿಂದಲ್ಲ, ಒಂದು ಪೇಟಿಯಿಂದ.

ಪೇಟಿಯೆಂದರೆ ಹಾರ್ಮೋನಿಯಂ ಎಂದು ನಮ್ಮ ಕಡೆಯವರಿಗೆ ಹೇಳಬೇಕಾದ್ದಿಲ್ಲ. ಉಮರ್ಗಾ, ನಿಲಂಗಾ, ಉದಗೀರ ಈ ಮೂರು ತಾಲೂಕುಗಳಲ್ಲಿ ಭಜನೆಯ ಮೇಳವೆಂದರೆ ಒಂದು ಪೇಟಿ, ಒಂದು ಜೊತೆ ತಬಲಾ, ಕೆಲವು ಜೊತೆ ತಾಳ. 1956ರಲ್ಲಿ ರಾಜ್ಯಗಳ ಪುನರ್ರಚನೆಯಾದಾಗ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಿಂದ ಬೇರೆಯಾಗಿ ಮುಂಬಯಿ ರಾಜ್ಯಕ್ಕೆ ಹೋದವು. ಗಡಿಯ ಕಲ್ಲು ಸರಿದರೂ ಭಜನೆ ಮಾತ್ರ ಸರಿಯಲಿಲ್ಲ. ಇಂದಿಗೂ ಒಂದೇ ಚಾಪೆಯ ಮೇಲೆ, ಒಂದೇ ಪೇಟಿಗೆ, ಕಡಕೋಳ ಮಡಿವಾಳಪ್ಪನವರ ತತ್ವಪದವೂ ತುಕಾರಾಮರ ಅಭಂಗವೂ ಒಂದರ ಹಿಂದೊಂದು ಬರುತ್ತವೆ.

ನಮ್ಮ ಶಾಲೆಗೂ ಒಂದು ಪೇಟಿ ಬೇಕೆನಿಸಿತು. ಪ್ರಾರ್ಥನೆಗೆ, ನಾಡಹಬ್ಬಕ್ಕೆ, ಮಕ್ಕಳ ಪದ್ಯಗಳಿಗೆ ರಾಗ ಕೂಡಿಸುವುದಕ್ಕೆ. ಪಾಲಕರಿಂದ ಪಟ್ಟಿ ಎತ್ತಿದೆವು. ಕಬ್ಬು ಕಡಿಯಲು ಹೋಗಿ ಬಂದ ತಾಯಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಐವತ್ತು ರೂಪಾಯಿ ಕೊಟ್ಟದ್ದು ನಮ್ಮ ನೆನಪಿನಲ್ಲಿದೆ. ಹೀಗೆ ಕೂಡಿದ ಒಂಬತ್ತು ಸಾವಿರವನ್ನು ಕಟ್ಟಿಕೊಂಡು ನಾವು ಮೂವರು ಶಿಕ್ಷಕರು ದೊಡ್ಡ ಊರಿನ ಒಂದು ವಾದ್ಯಗಳ ಅಂಗಡಿಗೆ ಹೋದೆವು. ಊರಿನ ಹೆಸರೂ ಅಂಗಡಿಯ ಹೆಸರೂ ಇಲ್ಲಿ ಬೇಡ. ಅಂಗಡಿಯವರು ಆದರದಿಂದ ಚಹ ತರಿಸಿದರು. ನಾವು ದರ ಕೇಳಿದೆವು. ಕಡಿಮೆ ಮಾಡಲು ಕೇಳಿದೆವು. ಹೊದಿಕೆ ಪುಕ್ಕಟೆ ಬರುವುದೋ ಎಂದು ಕೇಳಿದೆವು. ಮೆರುಗು ಬಹಳ ಚೆನ್ನಾಗಿತ್ತು. ನಮ್ಮಲ್ಲೊಬ್ಬರು ಸರಿಗಮ ಒಂದು ಸಲ ಏರಿ ಇಳಿಸಿ, “ಭೇಷ್ ಅದ” ಎಂದರು. ಪೇಟಿ ಬಸ್ಸನ್ನೇರಿತು.

ಎರಡು ವರ್ಷ ಮಕ್ಕಳು ಆ ಪೇಟಿಯೊಡನೆ ಹಾಡಿದರು. ಮೂರನೆಯ ವರ್ಷ, ಶ್ರಾವಣದ ಮುಂಚೆ ಊರೂರು ತಿರುಗಿ ಭಜನೆಯ ಪೇಟಿಗಳನ್ನು ದುರಸ್ತಿ ಮಾಡುವ ವೃದ್ಧರೊಬ್ಬರು ನಮ್ಮ ಊರಿಗೂ ಬಂದರು. ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಮುಂದೆ ಹಾಯುತ್ತಿದ್ದವರು ನಿಂತುಬಿಟ್ಟರು. ಪ್ರಾರ್ಥನೆ ಮುಗಿದ ಮೇಲೆ ಒಳಗೆ ಬಂದು ಎರಡು ಮನೆಗಳನ್ನು ಒಟ್ಟಿಗೆ ಒತ್ತಿ, ತಲೆ ಓರೆ ಮಾಡಿ ಆಲಿಸಿದರು.

“ತಪ್ಪು ಪೇಟಿದದರಿ ಮಾಸ್ತರ್ರೆ. ಪೋರಗೋಳು ಪಾಪ ಅದಕ್ಕ ಬರಾಬರ ಹಾಡ್ಲತ್ತಾವ.”

ಪೆಟ್ಟಿಗೆ ಹೊಸದು, ಒಳಗಿನ ಹಿತ್ತಾಳೆಯ ಸ್ವರಗಳಲ್ಲಿ ಕೆಲವು ಹಳೆಯವು ಎಂದು ಅವರು ಬಿಚ್ಚಿ ತೋರಿಸಿದರು. ನಮ್ಮ ಪ್ರಾರ್ಥನೆಯ ಷಡ್ಜದಿಂದ ಎಣಿಸಿದರೆ ಧೈವತಕ್ಕೆ ಬರುವ ಮನೆ ಇಳಿದುಹೋಗಿತ್ತು. ಎರಡು ವರ್ಷ ನಮ್ಮ ಮಕ್ಕಳು ಆ ಇಳಿದ ಧೈವತವನ್ನೇ ಅತ್ಯಂತ ನಿಷ್ಠೆಯಿಂದ ಕಲಿತಿದ್ದರು.

ಈಗ ವಿಚಾರಿಸಬೇಕಾದ ಪ್ರಶ್ನೆಯೆಂದರೆ, ಈ ತಪ್ಪು ಯಾರದು?

ಮೊದಲು ನಮಗೆ ಬಂದದ್ದು ಕೋಪ. ಅಂಗಡಿಯವರಿಗೆ ಫೋನು ಮಾಡಿದೆವು. ಅವರು ಸಿಟ್ಟಿಲ್ಲದೆ ಹೇಳಿದರು: “ಗುರುಗಳೆ, ನೀವೇ ಬಾರಿಸಿ ನೋಡಿ ಒಯ್ದೀರಿ. ಆವಾಗ ಏನೂ ಕೇಳಲಿಲ್ಲ.” ಕೇಳಲಿಲ್ಲ! ಈ ಮಾತನ್ನು ಅವರು ಯಾವ ಅರ್ಥದಲ್ಲಿ ಆಡಿದರೋ ತಿಳಿಯದು. ಎರಡೂ ಅರ್ಥದಲ್ಲಿ ಅದು ನಿಜವಾಗಿತ್ತು.

ಆದರೆ ಅಷ್ಟಕ್ಕೇ ಅವರ ಹೊಣೆ ಹರಿಯಿತೆ? ಉದಗೀರದ ಅಡತಿಯಲ್ಲಿ ತೊಗರಿ ಕೊಳ್ಳುವವನು ಮುಷ್ಟಿ ತುಂಬ ಕಾಳು ಹಿಡಿದು ನೋಡುತ್ತಾನೆ, ಹಲ್ಲಿನಲ್ಲಿ ಕಚ್ಚಿ ಹಸಿಯೋ ಒಣಗಿದೆಯೋ ತಿಳಿಯುತ್ತಾನೆ. ಅಲ್ಲಿ ಕೊಡುವವನಿಗೂ ಕೊಳ್ಳುವವನಿಗೂ ಒಂದೇ ಬಗೆಯ ಹಲ್ಲು. ಪೇಟಿಯ ವ್ಯಾಪಾರದಲ್ಲಿ ಹಾಗಿಲ್ಲ. ಮಾರುವವನ ಕಿವಿ ಪಳಗಿದ್ದು, ಕೊಳ್ಳುವವನದು ಹಸಿ. ಮಾರುವವನ ಕಿವಿಯನ್ನು ನಂಬುವುದರ ಹೊರತು ಕೊಳ್ಳುವವನಿಗೆ ಗತಿಯಿಲ್ಲ. ಈ ನಂಬಿಕೆಯನ್ನು ನಾವು ಮೂರ್ಖತನವೆನ್ನಲಾರೆವು. ಅದು ಹಣದ ಜೊತೆಗೆ ನಾವು ತೆತ್ತ ಎರಡನೆಯ ಬೆಲೆ.

1930ರ ಸರಕು ಮಾರಾಟದ ಕಾಯಿದೆಯನ್ನು ತೆರೆದು ನೋಡಿದೆವು. ಅದರ 16ನೆಯ ಕಲಮು ಮೊದಲು ಕೊಳ್ಳುವವನೇ ಎಚ್ಚರದಿಂದಿರತಕ್ಕದ್ದೆಂಬ ಧೋರಣೆಯಿಂದ ಆರಂಭವಾಗುತ್ತದೆ. ಆಮೇಲೆ ಒಂದು ಮಾತನ್ನು ಸೇರಿಸುತ್ತದೆ: ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಮಾರುವವನ ಜಾಣ್ಮೆಯನ್ನು ನೆಚ್ಚಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು. ‘ಶಾಲೆಯ ಮಕ್ಕಳಿಗೆ ಬೇಕು’ ಎಂದು ನಾವು ಹೇಳಿದ್ದೆವು. ಆದುದರಿಂದ ಮೇಲುಗೈ ನಮ್ಮದೇ ಎಂದು ಸಂತೋಷಪಟ್ಟೆವು. ಮುಂದೆ ಓದಿದರೆ ಇನ್ನೊಂದು ತೊಡಕು. ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಂಡುಬರಬೇಕಾಗಿದ್ದ ದೋಷಕ್ಕೆ ಅವನು ದೂರುವಂತಿಲ್ಲವಂತೆ. ಕಂಡುಬರಬೇಕಾಗಿದ್ದದ್ದು ಯಾರ ಕಿವಿಗೆ? ಆ ವೃದ್ಧರ ಕಿವಿಗೋ, ನಮ್ಮ ಕಿವಿಗೋ? ಗ್ರಾಹಕರ ರಕ್ಷಣೆಗೆ 1986ರಲ್ಲಿ ಒಂದು ಕಾಯಿದೆ ಬಂದಿತು. ಅದರ ಬದಲು 2019ರಲ್ಲಿ ಇನ್ನೊಂದು ಬಂದಿತು. ಯಾವ ಕಾಯಿದೆಯೂ ಕಿವಿಯ ಅಳತೆಯನ್ನು ಹೇಳುವುದಿಲ್ಲ. ನಾವು ದಾವೆಗೆ ಹೋಗಲಿಲ್ಲ. ಹೋಗದಿದ್ದುದು ಔದಾರ್ಯದಿಂದಲ್ಲ, ಸಂಕೋಚದಿಂದ ಎಂಬುದನ್ನೂ ಒಪ್ಪಿಕೊಳ್ಳಬೇಕು.

ವೃದ್ಧರು ಆ ದಿನ ಇನ್ನೊಂದು ಸಂಗತಿಯನ್ನು ತಿಳಿಸಿದರು. ಹಿತ್ತಾಳೆಯ ಪಟ್ಟಿಯನ್ನು ತುದಿಯಲ್ಲಿ ಅರದಿಂದ ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ಧೈವತವನ್ನು ಹೀಗೆ ಸರಿಪಡಿಸಿ, “ಇನ್ನೊಂದು ಸುಳ್ಳು ಇದರಾಗ ಅದ, ಅದು ನನ್ನ ಅರಕ್ಕ ಹೋಗಂಗಿಲ್ಲ” ಎಂದು ನಕ್ಕರು. ಅವರು ಹೇಳಿದ್ದು ಗಾಂಧಾರದ ವಿಷಯ. ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಆದ್ದರಿಂದ ಅದರ ಗಾಂಧಾರವು ತಂಬೂರಿಯಲ್ಲಿ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ, ಒಂದು ಪಾಲಿನ ಏಳನೆಯ ಒಂದಂಶದಷ್ಟು ಮೇಲಿರುತ್ತದೆ. ಇಂಥ ಕಾರಣಗಳಿಂದಲೇ ಆಕಾಶವಾಣಿಯು 1940ರಲ್ಲಿ ಪೇಟಿಯನ್ನು ಹೊರಗಿಟ್ಟಿತು. ಬಾಗಿಲು ಮತ್ತೆ ತೆರೆದದ್ದು 1971ರಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾಂಗಲಿಯ ಕೃ. ಬ. ದೇವಲರು ಅಬ್ದುಲ್ ಕರೀಮ್ ಖಾನರ ಕಂಠವನ್ನು ಆಧಾರವಾಗಿಟ್ಟುಕೊಂಡು ಶ್ರುತಿಗಳನ್ನು ಅಳೆದರು, ಇಪ್ಪತ್ತೆರಡು ಶ್ರುತಿಗಳ ಪೇಟಿಯೂ ಆಯಿತು. ಜನರ ಬಳಕೆಗೆ ಮಾತ್ರ ಅದು ಬರಲಿಲ್ಲ.

ಹೀಗೆ ಉತ್ತಮ ಪೇಟಿಯೂ ಒಂದು ಸುಳ್ಳನ್ನು ನುಡಿಯುತ್ತದೆ. ಹಾಗಾದರೆ ನಮ್ಮ ಅಂಗಡಿಯವರ ಸುಳ್ಳಿಗೂ ಅದಕ್ಕೂ ಭೇದವೇನು? ಭೇದವಿದೆ ಎಂದು ನಮ್ಮ ಅಭಿಪ್ರಾಯ. ಗಾಂಧಾರದ ಕೊರತೆ ಬಲ್ಲವರೆಲ್ಲರೂ ಬಲ್ಲದ್ದು. ಕೇಳಿದರೆ ಯಾರೂ ಹೇಳುವರು. ಅದು ವಾದ್ಯದ ಮಿತಿ. ಹಳೆಯ ಸ್ವರಕ್ಕೆ ಹೊಸ ಪೆಟ್ಟಿಗೆ ತೊಡಿಸಿದ್ದು ಕೇಳಬಾರದೆಂದೇ ಮಾಡಿದ ಕೆಲಸ. ಆದರೆ ಅದನ್ನು ಮಾಡಿದವರು ಅಂಗಡಿಯವರೋ, ಅವರಿಗೆ ಸರಕು ಕೊಟ್ಟವರೋ? ಅವರೂ ನಮ್ಮ ಹಾಗೆಯೇ ಮೆರುಗು ನೋಡಿ ಕೊಂಡಿರಬಹುದಲ್ಲವೆ?

ಇಷ್ಟು ಹೇಳಿ ನಿಲ್ಲಿಸಿದ್ದರೆ ನಾವು ಮೋಸಹೋದ ಸಾಧುಗಳಾಗಿ ಉಳಿಯುತ್ತಿದ್ದೆವು. ಆದರೆ ಅದೇ ವರ್ಷ ತಾಲೂಕಿನ ಊರಿನಲ್ಲಿ ನಡೆದ ಒಂದು ಗಾಯನದ ಕಾರ್ಯಕ್ರಮವನ್ನೂ ಹೇಳಬೇಕಾಗಿದೆ. ನೂರು ರೂಪಾಯಿಯ ಚೀಟಿ. ಗಾಯಕರು ದೂರದಿಂದ ಬಂದವರು. ಹಾರ ತುರಾಯಿ, ಸತ್ಕಾರ, ಭಾಷಣಗಳಲ್ಲಿ ಒಂಬತ್ತು ಗಂಟೆಯಾಯಿತು. 2000ನೆಯ ವರ್ಷದ ಶಬ್ದಮಾಲಿನ್ಯ ನಿಯಮಗಳು ಬಂದಂದಿನಿಂದ ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ನಡೆಯದು. ಹೀಗಾಗಿ ಮಾಲಕಂಸ, ದರ್ಬಾರಿಗಳಂಥ ನಡುರಾತ್ರಿಯ ರಾಗಗಳು ಅವುಗಳ ವೇಳೆಯಲ್ಲಿ ಬಯಲಿನ ಜನಕ್ಕೆ ಸಿಗುವುದು ಅಪರೂಪವಾಗಿದೆ. ಉಳಿದ ಒಂದು ತಾಸಿನಲ್ಲಿ ಗಾಯಕರು ಮೊದಲು ತಂಬೂರಿ ಕೂಡಿಸಲು ಕುಳಿತರು. ಐದು ನಿಮಿಷವಾಯಿತು, ಹತ್ತಾಯಿತು. “ಯಾವಾಗ ಶುರು ಮಾಡ್ತಾರೋ” ಎಂದು ಗೊಣಗಾಟವೆದ್ದಿತು. ಗೊಣಗಿದವರಲ್ಲಿ ನಾವೂ ಇದ್ದೆವು. ಅಂಗಡಿಯಲ್ಲಿ ಯಾವ ಶ್ರಮವನ್ನು ನಾವು ಮಾಡಲಿಲ್ಲವೋ, ಅದನ್ನು ನಮಗೋಸ್ಕರ ಇನ್ನೊಬ್ಬರು ಕಣ್ಣೆದುರಿಗೆ ಮಾಡುತ್ತಿದ್ದಾಗ ನಮಗೆ ಬೇಸರ!

ಮುಂದಿನದು ಇನ್ನೂ ನಾಚಿಕೆಯ ಮಾತು. ಖಯಾಲು ಅರ್ಧಕ್ಕೆ ಬಂದಿರಲಿಲ್ಲ, “ಅಭಂಗ, ಅಭಂಗ” ಎಂದು ಒಂದು ಕಡೆಯಿಂದ ಕೂಗು. “ವಚನ ಆಗಲಿ” ಎಂದು ನಮ್ಮ ಕಡೆಯಿಂದ. ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನೂ, ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ದಾಸರ ಪದವನ್ನೂ ಅಭಂಗವನ್ನೂ ಸಮಾನ ಪ್ರೀತಿಯಿಂದ ಹಾಡಿದ್ದನ್ನೂ ಬಲ್ಲ ನಾವು, ಆ ರಾತ್ರಿ ಕನ್ನಡಕ್ಕೆ ಎಷ್ಟು, ಮರಾಠಿಗೆ ಎಷ್ಟು ಎಂದು ಬೆರಳು ಮಡಿಚಿ ಎಣಿಸಿದೆವು. ಗಡಿಯಲ್ಲಿ ಬದುಕುವವರಿಗೆ ಈ ಎಣಿಕೆ ಸುಮ್ಮನೆ ಬಂದುದಲ್ಲ. ಶಾಲೆಯ ವರ್ಗಗಳನ್ನೂ ಪಠ್ಯಪುಸ್ತಕಗಳನ್ನೂ ಎಣಿಸಿ ಎಣಿಸಿ ರೂಢಿಯಾದದ್ದು. ಆದರೂ ಎಣಿಸುವ ಹೊತ್ತಿನಲ್ಲಿ ಕಿವಿ ಮುಚ್ಚಿರುತ್ತದೆ. ಗಾಯಕರು ಖಯಾಲನ್ನು ಅಲ್ಲಿಗೇ ಮಡಿಚಿ ಒಂದು ವಚನ, ಒಂದು ಅಭಂಗ ಹಾಡಿ ಕೈಮುಗಿದರು. ಅಷ್ಟರೊಳಗೆ ಕಡೆಯ ಬಸ್ಸಿಗೆಂದು ಅರ್ಧ ಜನ ಎದ್ದುಹೋಗಿದ್ದರು. ಬಸ್ಸಿನ ವಿಷಯದಲ್ಲಿ ನಾವು ಯಾರನ್ನೂ ದೂಷಿಸೆವು. ಹತ್ತು ಮೈಲು ನಡೆದು ಹೋಗೆಂದು ಹೇಳುವ ಅಧಿಕಾರ ಯಾವ ರಾಗಕ್ಕೂ ಇಲ್ಲ.

ನೂರು ರೂಪಾಯಿ ಕೊಟ್ಟಿದ್ದೇವೆ, ಕೂಡುವುದೂ ಏಳುವುದೂ ನಮ್ಮ ಇಷ್ಟ ಎಂದು ವಾದಿಸುವವರುಂಟು. ಚೀಟಿ ಕೊಂಡದ್ದು ಕುರ್ಚಿಯನ್ನು, ಖಯಾಲನ್ನಲ್ಲ. ಪೇಟಿಯವರು ನಮಗೆ ಕಾಯಿದೆಗಿಂತ ಹೆಚ್ಚಿನದೇನನ್ನೋ ಸಲ್ಲಿಸಬೇಕಾಗಿತ್ತೆಂದು ನಾವು ಬಯಸಿದೆವಲ್ಲವೆ? ಗಾಯಕರಿಗೆ ನಾವು ಚೀಟಿಗಿಂತ ಹೆಚ್ಚಿನದೇನನ್ನು ಸಲ್ಲಿಸಿದೆವು? ಅಂಗಡಿಯಲ್ಲಿ ಬಲ್ಲವನು ಮಾರುವವನು, ಅರಿಯದವರು ನಾವು; ಆದ್ದರಿಂದ ಭಾರ ಅವನ ಮೇಲಿತ್ತು. ಗಾಯನದಲ್ಲಿ ಹಾಡುವವನು ತನ್ನ ಸರಕನ್ನು ಮುಚ್ಚಿಡಲಾರ. ಕಂಠವನ್ನು ಬಿಚ್ಚಿಯೇ ಕೂತಿರುತ್ತಾನೆ. ಅಲ್ಲಿ ಕೈಯೊಳಗೆ ಸಿಕ್ಕವನು ಅವನು. ಭಾರ ನಮ್ಮ ಕಡೆಗೆ ಬರುತ್ತದೆ.

ಒಂದು ಸಲ ಹಾಡುವ ಸ್ನೇಹಿತರೊಬ್ಬರ ಜೊತೆಗೆ ಮಿರಜಕ್ಕೆ ಹೋಗಿದ್ದೆವು. ಅಲ್ಲಿ ತಂಬೂರಿ, ಸಿತಾರುಗಳ ಕೆಲಸ 19ನೆಯ ಶತಮಾನದಿಂದ ನಡೆದುಬಂದಿದೆ. ಆಯುಧಗಳನ್ನು ಸಾಣೆಹಿಡಿಯುವ ಶಿಕಲಗಾರರ ಮನೆತನದ ಫರೀದಸಾಹೇಬರು ವಾದ್ಯಗಳ ದುರಸ್ತಿಗೆ ಕೈಹಾಕಿದ್ದು ಅದರ ಮೂಲ. 2024ರಲ್ಲಿ ಮಿರಜದ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಭೀಮೆಯ ಕಡೆಯ ಹೊಲಗಳಲ್ಲಿ ಬೆಳೆದ ದೊಡ್ಡ ಸೋರೆಬುರುಡೆಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಸ್ನೇಹಿತರು ದರ ಕೇಳುವ ಮೊದಲೇ ಕುಶಲಕರ್ಮಿಗಳು, “ಸ್ವಲ್ಪ ಹಾಡ್ರಿ” ಎಂದರು. ಅವರು ಹಾಡಿದರು, ಇವರು ಕೇಳಿದರು. ಆಮೇಲೆ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜುವುದು, ತಂತಿಯ ಕೆಳಗೆ ಜೀವಾಳದ ನೂಲನ್ನು ಸರಿಸುವುದು, ಮತ್ತೆ “ಹಾಡ್ರಿ” ಎನ್ನುವುದು. ಇದಕ್ಕೆ ಜವಾರಿ ತೆಗೆಯುವುದೆನ್ನುತ್ತಾರೆ. ಇಡೀ ಮಧ್ಯಾಹ್ನ ಇದರಲ್ಲಿ ಹೋಯಿತು. ಮಾರುವವನು ಕೊಳ್ಳುವವನ ಕಂಠವನ್ನು ಹೀಗೆ ಆಲಿಸುವ ವ್ಯಾಪಾರವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಅದೇ ಊರಿನ ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಅಬ್ದುಲ್ ಕರೀಮ್ ಖಾನರ ಸಮಾಧಿ. 1937ರಲ್ಲಿ ಪುದುಚೇರಿಗೆ ಹೋಗುವ ದಾರಿಯಲ್ಲಿ ಮೈಯಲ್ಲಿ ನೆಟ್ಟಗಿಲ್ಲವಾಗಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿಳಿದು, ದರ್ಬಾರಿಯಲ್ಲಿ ಪ್ರಾರ್ಥನೆ ಹಾಡುತ್ತ ಪ್ರಾಣಬಿಟ್ಟರೆಂದು ಹೇಳುತ್ತಾರೆ. ಆ ಫಲಾಟಿನ ಮೇಲೆ ಗಿರಾಕಿಗಳಿರಲಿಲ್ಲ. ಅವರ ನೆನಪಿಗೆ ಉರುಸಿನಲ್ಲಿ ಪ್ರತಿವರ್ಷ ಗಾಯಕರು ಬಂದು ಹಾಡಿ ಹಾಜರಿ ಸಲ್ಲಿಸುತ್ತಾರೆ. ಇದನ್ನು ಹೇಳುತ್ತಿರುವುದು ಪುಕ್ಕಟೆಯನ್ನು ಹೊಗಳುವುದಕ್ಕಲ್ಲ. ಕಲಾವಿದರನ್ನು ‘ಕನ್ನಡದ ಸೇವೆ’ ಎಂದು ಕರೆಸಿ, ಶಾಲು ಹೊದಿಸಿ, ಬಸ್ಸಿನ ಖರ್ಚನ್ನೂ ಕೊಡದೆ ಕಳುಹಿಸುವ ಸಂಘಗಳು ನಮ್ಮಲ್ಲಿ ಕಡಿಮೆಯಿಲ್ಲ. ಹಣ ಕೊಟ್ಟೇ ಕೊಡಬೇಕು. ಕೊಟ್ಟ ಮೇಲೆ ಲೆಕ್ಕ ಮುಗಿಯಿತೆಂದು ತಿಳಿಯುವುದರಲ್ಲಿಯೇ ನಮ್ಮ ತಕರಾರು.

ನಮ್ಮ ಪೇಟಿ ಈಗ ಸರಿಯಾಗಿದೆ. ಇನ್ನೊಂದು ಶಾಲೆಯವರು ಕೊಳ್ಳಲು ಹೊರಟರೆ ಎರಡು ಪರೀಕ್ಷೆಗಳನ್ನು ಹೇಳಿಕೊಡುತ್ತೇವೆ: ಪ್ರತಿಯೊಂದು ಸ್ವರವನ್ನೂ ಅದರ ಮೇಲಿನ ಸಪ್ತಕದ ಜೊತೆಗಾರನೊಡನೆ ಒತ್ತಿ, ನಾದದಲ್ಲಿ ಅಲೆಯೆದ್ದರೆ ಸಂಶಯಪಡಿರಿ, ಯಾವ ಮನೆಯನ್ನೂ ಒತ್ತದೆ ತಿದಿಯನ್ನು ತುಂಬಿ ಬಿಡಿರಿ, ಬೇಗನೆ ಕುಸಿದರೆ ಎಲ್ಲಿಯೋ ಗಾಳಿ ಸೋರುತ್ತದೆ.

ಈಗಿನ ಮಕ್ಕಳಿಗೆ ಧೈವತವನ್ನು ತಿದ್ದಲು ಒಂದು ತಿಂಗಳು ಹಿಡಿಯಿತು. ಮೊದಲಿನ ಎರಡು ವರ್ಷ ಏಳನೆಯ ಇಯತ್ತೆ ಮುಗಿಸಿ ಹೊರಟುಹೋದವರಿಗೆ ತಿದ್ದುವ ಅವಕಾಶವೇ ಸಿಗಲಿಲ್ಲ. ಕಳೆದ ಶ್ರಾವಣದಲ್ಲಿ ನೆರೆಯೂರಿನ ಭಜನೆಗೆ ಹೋಗಿದ್ದೆವು. ಅವರಲ್ಲಿಯ ಒಬ್ಬ ಹುಡುಗ, ಈಗ ಮೀಸೆ ಚಿಗುರಿದೆ, ಮುಂದೆ ಕುಳಿತು ಪದ ಹೇಳುತ್ತಿದ್ದ. ದನಿ ತುಂಬಿ ಬರುತ್ತಿತ್ತು. ಧೈವತಕ್ಕೆ ಬಂದಾಗ ಪೇಟಿಯವನು ತಲೆಯೆತ್ತಿ ಅವನನ್ನೊಮ್ಮೆ ನೋಡಿದ, ಏನೂ ಅನ್ನಲಿಲ್ಲ. ಹುಡುಗ ನಮ್ಮನ್ನು ಗುರುತಿಸಿ, ಹಾಡುತ್ತಲೇ ಕೈಮುಗಿದ. ಮೇಳದವರೆಲ್ಲ ಪಲ್ಲವಿಯನ್ನು ಎತ್ತಿಕೊಂಡರು, ನಾವೂ ಎತ್ತಿಕೊಂಡೆವು.